ಎಲ್ಲ ಇಲಾಖೆಗಳ ಮಾನ್ಯ ಮೇಲಿನವರಿಗೆ

ಮಾನ್ಯ ಮೇಲಿನವರೇ,

ತಮ್ಮ ಹೆಸರು, ಹುದ್ದೆ ಯಾವುದನ್ನೂ ಅರಿಯದ, ಆದರೆ ಕಳೆದ ವಾರ ಲಕ್ಷ್ಮೇಶ್ವರದ ಬಜಾರದಲ್ಲಿ ನಮ್ಮ ಮನೆಗೆ ಬೆಂಕಿ ಬಿದ್ದಾಗ ತಮ್ಮ ಮಹಿಮೆಯನ್ನು ಕಣ್ಣಾರೆ ಕಂಡ ಶಿವರಂಜನಿ ಎಂಬ ಗೃಹಿಣಿಯ ಅನಂತ ನಮಸ್ಕಾರಗಳು. ಪೊಲೀಸರು, ಅಗ್ನಿಶಾಮಕದವರು, ಕರೆಂಟಿನವರು, ಆಂಬುಲೆನ್ಸಿನವರು ಎಲ್ಲರೂ ಅಂದು ತಮ್ಮನ್ನೇ ಸ್ಮರಿಸಿದ್ದರಿಂದ, ಬೇರೆ ಬೇರೆ ವಿಳಾಸ ಹುಡುಕದೆ ಈ ಒಂದೇ ಪತ್ರವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಬೆಂಕಿ ಹತ್ತಿದ್ದು ನಮ್ಮ ಮನೆಯ ಕೆಳಗಿರುವ ನಜೀರಸಾಬರ ಗೋಣಿಚೀಲದ ಅಂಗಡಿಗೆ. ಪುಣ್ಯಕ್ಕೆ ಅವರು ಅಂಗಡಿಯಲ್ಲಿರಲಿಲ್ಲ. ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ, ನಮ್ಮ ಯಜಮಾನರು ವ್ಯಾಪಾರಕ್ಕೆಂದು ಮುಳಗುಂದಕ್ಕೆ ಹೋಗಿದ್ದರು, ಮೇಲಿನ ಮನೆಯಲ್ಲಿ ಮಂಡಿನೋವಿನ ನಮ್ಮ ಅತ್ತೆ ಗದಿಗೆವ್ವ ಒಬ್ಬರೇ ಇದ್ದರು. ನಾನು ಓಡಿ ಬರುವಷ್ಟರಲ್ಲಿ ಮೆಟ್ಟಿಲುಗಳೆಲ್ಲ ಹೊಗೆಯಲ್ಲಿ ಮುಳುಗಿ, ಅತ್ತೆಯವರು ಬಾಲ್ಕನಿಯ ಸರಳು ಹಿಡಿದು ನಿಂತಿದ್ದರು. ಸಂತೋಷದ ಸಂಗತಿಯೆಂದರೆ ಆ ಹೊತ್ತಿಗೆ ಸರ್ಕಾರವೂ ಬಂದು ನಿಂತಿತ್ತು. ನಿಂತೇ ಇತ್ತು.

ಬಾಲ್ಕನಿಗೆ ತಾಗುವಂತೆ ತಂತಿ ಹಾದಿರುವುದರಿಂದ, ಕರೆಂಟ್ ತೆಗೆಯದೆ ಏಣಿ ಹಚ್ಚುವುದಿಲ್ಲ ಎಂದು ಅಗ್ನಿಶಾಮಕದವರು ಹೇಳಿದ್ದು ನ್ಯಾಯವೇ ಆಗಿತ್ತು. ಕಂಬದ ಕೆಳಗಿದ್ದ ಲೈನ್‌ಮನ್ ಲಕ್ಷ್ಮಪ್ಪನ ಕೈಕಾಲು ಹಿಡಿದರೆ, “ಮ್ಯಾಲಿನವ್ರು ಹೇಳ್ಲಾರದ ಲೈನ್ ತಗ್ಯಾಕ ಬರಂಗಿಲ್ರಿ ಅಕ್ಕಾರ” ಎಂದ. ಓಣಿಯ ಬಾಯಿಗೆ ಅಡ್ಡ ನಿಂತು ಬೆಂಕಿ ಆರಿಸುವ ಗಾಡಿಯನ್ನೇ ತಡೆದಿದ್ದ ಆಂಬುಲೆನ್ಸನ್ನು ಸರಿಸಿ ಎಂದರೆ, ಅದನ್ನು ಅಲ್ಲಿ ನಿಲ್ಲಿಸಲು ಮೇಲಿನವರೇ ಹೇಳಿದ್ದಾರೆಂದು ಪೊಲೀಸರು ವಿನಯದಿಂದ ತಿಳಿಸಿದರು. ತಾವೆಲ್ಲಿದ್ದೀರೆಂದು ವಿಚಾರಿಸಲಾಗಿ, ಒಬ್ಬರ ಪ್ರಕಾರ ಮುಂಡರಗಿಯ ಸಭೆಯಲ್ಲಿದ್ದಿರಿ, ಇನ್ನೊಬ್ಬರ ಪ್ರಕಾರ ಶಿರಹಟ್ಟಿ ದಾಟಿದ್ದಿರಿ, ಮತ್ತೊಬ್ಬರ ಪ್ರಕಾರ ಗದಗದಲ್ಲಿ ಊಟಕ್ಕೆ ಕೂತಿದ್ದಿರಿ. ಏಕಕಾಲಕ್ಕೆ ಮೂರು ಊರುಗಳಲ್ಲಿ ಇರಬಲ್ಲವರು ನಮ್ಮೂರಿಗೂ ತಮ್ಮದೊಂದು ಅಂಶವನ್ನು ಕಳಿಸಬಹುದಿತ್ತಲ್ಲ ಎಂಬ ದುರಾಸೆ ನನಗೆ ಹುಟ್ಟಿದ್ದಕ್ಕೆ ಕ್ಷಮೆಯಿರಲಿ.

ಅಷ್ಟರಲ್ಲಿ ಏಣಿ ಹೊತ್ತಿದ್ದ ಅಗ್ನಿಶಾಮಕದ ಹಿರಿಯರೊಬ್ಬರು ತಾಳ್ಮೆಗೆಟ್ಟು, “ಏ, ಬಂದ್ ಮಾಡ್ರಿ!” ಎಂದು ಕೂಗಿದರು. ಅವರು ಹೇಳಿದ್ದು ಕರೆಂಟಿನ ಬಗ್ಗೆ. ಪೊಲೀಸರು ಬಜಾರದ ರಸ್ತೆಯನ್ನು ಬಂದ್ ಮಾಡಿದರು, ಯಾವುದೋ ಸಂಘಟನೆ ಬಂದ್ ಕರೆ ಕೊಟ್ಟಿರಬೇಕೆಂದು ವ್ಯಾಪಾರಿಗಳು ಶಟರ್ ಎಳೆದರು, ಗಾಡಿಗೆ ನೀರು ತುಂಬಿಸುತ್ತಿದ್ದ ಪುರಸಭೆಯ ಹುಚ್ಚಪ್ಪ ಓಡಿಹೋಗಿ ನೀರನ್ನೂ ಬಂದ್ ಮಾಡಿದ. ಕರೆಂಟೊಂದನ್ನು ಬಿಟ್ಟು ಲಕ್ಷ್ಮೇಶ್ವರದಲ್ಲಿ ಎಲ್ಲವೂ ಬಂದ್ ಆಯಿತು. ಇಷ್ಟು ಚುರುಕಾದ ಆಜ್ಞಾಪಾಲನೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನಮ್ಮ ಅತ್ತೆಯವರ ಬಾಯಿಯ ಬಗ್ಗೆ ತಮಗೆ ಗೊತ್ತಿರಲಿಕ್ಕಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಬಾಯಿಗೆ ಹೆದರಿ, ಅದು ಒಂದು ದಿನವಾದರೂ ಸುಮ್ಮನಿರಲಿ ಎಂದು ಹರಕೆ ಹೊತ್ತವಳು ನಾನು. ಸೆರಗನ್ನು ಮೂಗಿಗೊತ್ತಿಕೊಂಡು ತಮ್ಮ ಇಲಾಖೆಗಳ ಸಮನ್ವಯವನ್ನು ಮೇಲಿನಿಂದ ನೋಡುತ್ತಿದ್ದ ಅವರು ಸೆರಗು ತೆಗೆದು ಶುರು ಮಾಡಿಯೇ ಬಿಟ್ಟರು: “ಏ ಕಂಬದ ಬುಡಕ ನಿಂತಾವ, ಕರೆಂಟ್ ತಗಿ! ಬಿಳೀ ಗಾಡಿಯಾವ, ಹಿಂದಕ್ಕ ಸರಿ! ನೀರು ನಿಲ್ಸಂತ ನಿನಗ್ಯಾರು ಹೇಳಿದ್ರೋ, ಬಿಡು ನೀರ!” ಹೊಗೆಯಲ್ಲಿ ಮುಖ ಕಾಣದೆ, ಯಾರು ಹೇಳುತ್ತಿದ್ದಾರೆಂದು ಲಕ್ಷ್ಮಪ್ಪ ನನ್ನನ್ನು ಕೇಳಿದ. ನಾನು ಬೆರಳನ್ನು ಬಾಲ್ಕನಿಯತ್ತ ಎತ್ತಿ, “ಮ್ಯಾಲಿನವ್ರು ಹೇಳಾಕತ್ತಾರ, ಕೇಳವಲ್ದೇನು?” ಎಂದೆ.

ಮಾನ್ಯರೇ, ಆ ಒಂದು ಮಾತಿನ ಪವಾಡವನ್ನು ಏನೆಂದು ಬಣ್ಣಿಸಲಿ! ಮರುಕ್ಷಣ ಕರೆಂಟ್ ಹೋಯಿತು, ಮೇಲಿನವರ ಆರ್ಡರ್ ಆಗಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಿದು ಆಂಬುಲೆನ್ಸ್ ಹಿಂದೆ ಸರಿಯಿತು, ಗಾಡಿ ಒಳಗೆ ಬಂತು, ನೀರು ಬಂತು, ಏಣಿ ಬಾಲ್ಕನಿ ಮುಟ್ಟಿತು. ಯಾವ ಇಲಾಖೆಯ ಮೇಲಿನವರು ಎಂದು ಒಬ್ಬರೂ ಕೇಳಲಿಲ್ಲ. ಉರಿಯುವ ಮನೆಯಲ್ಲಿ ಸಿಕ್ಕಿಕೊಂಡವರೇ ಕೆಳಗಿಳಿಯುವ ಕೆಲಸದ ಉಸ್ತುವಾರಿಯನ್ನೂ ಹೊರುವ ಈ ಪದ್ಧತಿಯಿಂದ ಸರ್ಕಾರಕ್ಕೆ ಎಷ್ಟು ತೊಂದರೆ ತಪ್ಪುತ್ತದೆ ಎಂಬುದನ್ನು ತಾವು ಗಮನಿಸಿರಬಹುದು.

ಆದರೂ ಕೆಲವು ವಿಪರೀತ ಬೇಡಿಕೆಗಳಿವೆ. ಮುಂದಿನ ಸಲ ತಾವು ನಾಲ್ಕೂ ಇಲಾಖೆಗಳ ಮೇಲಿನವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸೇರಿ, ಇವತ್ತಿನ ಮಟ್ಟಿಗೆ ಮೇಲಿನವರು ಯಾರೆಂದು ಚೀಟಿ ಎತ್ತಿ ತೀರ್ಮಾನಿಸಿ, ಉಳಿದ ಮೂವರು ಅವರ ಮಾತು ಕೇಳುವ ಕೃಪೆ ಮಾಡಬೇಕು. ಅದು ಘನತೆಗೆ ಕುಂದೆನಿಸಿದರೆ, ‘ಬಂದ್’ ಎಂಬ ಶಬ್ದವನ್ನಾದರೂ ಜಿಲ್ಲೆಯಲ್ಲಿ ನಿಷೇಧಿಸಿ, ಕರೆಂಟಿಗೆ ಕರೆಂಟ್, ನೀರಿಗೆ ನೀರು ಎನ್ನುವುದನ್ನು ಎಲ್ಲ ಇಲಾಖೆಗಳಿಗೂ ಕಲಿಸಬೇಕು. ಅದೂ ಭಾರವಾಯಿತೆಂದರೆ ಓಣಿಗೊಬ್ಬ ಜೋರು ಬಾಯಿಯ ಅತ್ತೆಯನ್ನು ಮಾಳಿಗೆಯ ಮೇಲೆ ಖಾಯಂ ನೇಮಕ ಮಾಡಬೇಕು.

ಬೆಂಕಿ ಆರಿದ ಮೇಲೆ ತಾವು ನಾಲ್ವರೂ ನಾಲ್ಕು ಜೀಪುಗಳಲ್ಲಿ ದಯಮಾಡಿಸಿ, ಮೇಲಿನವರ ಸಕಾಲಿಕ ಮಾರ್ಗದರ್ಶನದಿಂದ ವೃದ್ಧೆಯ ಜೀವ ಉಳಿಯಿತೆಂದು ಪತ್ರಿಕೆಯವರ ಮುಂದೆ ಹೇಳಿದಿರಿ. ಅದು ನೂರಕ್ಕೆ ನೂರು ಖರೆಯಾದ್ದರಿಂದ ನನ್ನದೇನೂ ತಕರಾರಿಲ್ಲ.

ತಮ್ಮ ಅಪ್ಪಣೆಗೆ ಕಾಯದೆ ಅತ್ತೆಯವರು ಬದುಕುಳಿದ ಉದ್ಧಟತನಕ್ಕೆ ಕ್ಷಮೆ ಕೋರುವ,
ತಮ್ಮ ವಿಶ್ವಾಸಿ,
ಶಿವರಂಜನಿ, ಲಕ್ಷ್ಮೇಶ್ವರ

ತಾ.ಕ.: ಹೊಗೆಯಲ್ಲಿ ಬಾಯಿ ತೆರೆದು ಅಷ್ಟು ಹೊತ್ತು ಕೂಗಿದ್ದರಿಂದ ಅತ್ತೆಯವರ ಗಂಟಲು ಹೋಗಿದೆ, ದನಿ ಮರಳುವುದು ಅನುಮಾನವೆಂದು ವೈದ್ಯರು ಹೇಳಿದ್ದಾರೆ. ನನ್ನನ್ನು ಕರೆಯಬೇಕಾದರೆ ಈಗ ಊಟದ ತಾಟು ಬಡಿಯುತ್ತಾರೆ. ಬೈಗುಳವಿಲ್ಲದ ಮನೆಯಲ್ಲಿ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ಮುಂದಿನ ಬೆಂಕಿಗೆ ನಮ್ಮ ಕಡೆಯಿಂದ ಹೇಳುವವರು ಯಾರೂ ಇಲ್ಲ, ತಾವೇ ಬರಬೇಕು.