ಆನರಬಲ್ ದಾಬಿಯ ಬಾಯಾರಿಕೆ

ಎಲ್ಲಾ ರಾದ್ಧಾಂತಕ್ಕೂ ಕಾರಣ ಒಂದು ಬಟ್ಟಲು ಗಂಜಿ.

ಬೆಳಿಗ್ಗೆ ಏಳು ಗಂಟೆಗೆ ಒಡುರೊ ಸಾಹೇಬರು ಮೆಕ್ಕೆಜೋಳದ ಬಿಸಿ ಗಂಜಿಯನ್ನು ತುಟಿಯವರೆಗೂ ತಂದಿದ್ದರು. ಒಂದೇ ಒಂದು ಗುಟುಕು ಒಳಗಿಳಿದಿದ್ದರೆ ಈ ಕತೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಮಾನ್ಸೊ ಬೇಲಿ ಹಾರಿ ಓಡಿಬಂದ. ಊರಿನ ಸುದ್ದಿಯೆಲ್ಲ ಮೊದಲು ಅವನ ಅಂಗಡಿಗೆ ಬಂದು, ಅಲ್ಲಿ ಉದ್ದಗಲ ಹೊಲಿಸಿಕೊಂಡು, ಆಮೇಲೆ ಬೀದಿಗಿಳಿಯುವುದು.

"ಸ್ವಾಮೀ, ಕುಡೀಬೇಡಿ! ಕೆಳಗಿಡಿ ಅದನ್ನ!"

"ಯಾಕಯ್ಯಾ? ವಿಷ ಹಾಕಿದ್ದಾರಾ?"

"ವಿಷ ಆಗಿದ್ರೆ ಆಸ್ಪತ್ರೆಗಾದ್ರೂ ಹೋಗಬಹುದಿತ್ತು. ನಿಮ್ಮನ್ನ ಒಡೆಯ ಮಾಡ್ತಾರಂತೆ! ನಿನ್ನೆ ನಿಮ್ಮ ಅಕ್ಕನ ಮನೆಗೆ ಜಿನ್ ಬಾಟಲಿ ಹೋಗಿದ್ದನ್ನ ಈ ಕಣ್ಣಾರೆ ಕಂಡೆ. ಗಂಜಿ ಕಾಯಿಸಿದೋಳು ಯಾರ ಕಡೆಯೋಳು? ನಿಮ್ಮ ಅಕ್ಕನ ಕಡೆಯೋಳೇ ತಾನೆ?"

ಸಾಹೇಬರು ಬಟ್ಟಲನ್ನು ಹಾವು ಮುಟ್ಟಿದವರಂತೆ ಕೆಳಗಿಟ್ಟರು.

ನಮ್ಮೂರು ಬೊಸೊಕ್ರೊಮ್‌ನ ಒಡೆಯನ ಪೀಠ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅದರ ಮೇಲೆ ಯಾರನ್ನು ಕೂರಿಸಬೇಕೆಂದು ಹೇಳುವ ಅಧಿಕಾರ ರಾಜಮಾತೆಯದು. ಆ ರಾಜಮಾತೆ ಸಾಹೇಬರ ಒಡಹುಟ್ಟಿದ ಅಕ್ಕ, ಅಬೆನಾ ಸೆರ್ವಾ. ಅವಳ ಕಡೆಯಿಂದ ಬಂದ ಪಾನೀಯ ಗಂಟಲಿಳಿಯಿತೋ, ಒಪ್ಪಿದಂತೆ. ಆಮೇಲೆ ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಪೀಠ ಏರಿದವನು ಚುನಾವಣೆಗೆ ನಿಲ್ಲುವ ಹಾಗೂ ಇಲ್ಲ, ದೇಶದ ಕಾನೂನೇ ಹಾಗಿದೆ. ಸಾಹೇಬರು ಪಕ್ಷದ ಟಿಕೆಟ್ಟಿಗೆ ಅರ್ಜಿ ಕೊಡಲು ಆ ದಿನವೇ ಕಡೇ ದಿನ. ಸಂಜೆ ಐದಕ್ಕೆ ಬಾಗಿಲು ಬಂದ್.

"ದಾಬಿ!" ಎಂದು ಗುಡುಗಿದರು ಸಾಹೇಬರು.

ದಾಬಿ ಅಂದರೆ ನಮ್ಮ ಮಾತಿನಲ್ಲಿ "ಇಲ್ಲ, ಆಗಲ್ಲ". ಸಾಹೇಬರಿಗೆ ಊರವರು ಇಟ್ಟ ಹೆಸರೂ ಅದೇ, ಆನರಬಲ್ ದಾಬಿ. ಮೊದಲ ಸಲ ಎಂಪಿ ಆಗಿ ಸಭೆಯಲ್ಲಿ ಕೂತ ದಿನವೇ ಸ್ವಂತ ಪಕ್ಷದ ಮಸೂದೆಗೆ ಎದ್ದು ನಿಂತು ದಾಬಿ ಅಂದವರು. ಎರಡನೆಯ ಸಲ ಗೆದ್ದಾಗ ಉಪಮಂತ್ರಿ ಮಾಡಿದರು, ಒಂಬತ್ತೇ ತಿಂಗಳಲ್ಲಿ ಮಂತ್ರಿಗೇ ದಾಬಿ ಅಂದರು. ಇವರ ಕಾಟ ತಾಳಲಾರದೆ ಪಕ್ಷ ಇವರನ್ನು ಹಿಮ ಸುರಿಯುವ ದೂರದ ದೇಶವೊಂದಕ್ಕೆ ರಾಯಭಾರಿಯಾಗಿ ಸಾಗಹಾಕಿತು. ಅಲ್ಲಿ ಎಂಟು ವರ್ಷ, ಕೈಯಲ್ಲಿ ಗ್ಲಾಸು, ಮುಖದಲ್ಲಿ ನಗು. ದಾಬಿ ಎನ್ನುವುದನ್ನು ಎಷ್ಟು ಮೃದುವಾಗಿ ಹೇಳುತ್ತಿದ್ದರೆಂದರೆ, ಇವರು ಯಾವುದಕ್ಕೂ ಒಪ್ಪಿಲ್ಲವೆಂದು ಗೊತ್ತಾಗಲು ಆ ಸರ್ಕಾರಕ್ಕೆ ಮೂರು ವರ್ಷ ಹಿಡಿಯಿತಂತೆ.

ಹೋದ ವರ್ಷ ಊರಿಗೆ ಮರಳಿದ ಮೇಲೆ ಶುರುವಾಯಿತು ನೋಡಿ ಸಂಕಟ. ಮಾಜಿ ಎಂಪಿ, ಮಾಜಿ ಉಪಮಂತ್ರಿ, ಮಾಜಿ ರಾಯಭಾರಿ. ಮೂರು ಮಾಜಿಗಳ ಕೆಳಗೆ ಸಾಹೇಬರು ಜೀವಂತ ಹೂತುಹೋಗಿದ್ದರು. ಸಭೆಗಳಲ್ಲಿ ಅವರ ಕುರ್ಚಿ ಮೊದಲ ಸಾಲಿನಿಂದ ಮೂರನೆಯದಕ್ಕೆ, ಅಲ್ಲಿಂದ ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಂತಿತ್ತು. ಹೋದ ತಿಂಗಳು ಒಬ್ಬ ನಿರೂಪಕ ಇವರನ್ನು "ದಿವಂಗತ" ಎಂದೇ ಕರೆದುಬಿಟ್ಟ. ಆ ದಿನವೇ ಸಾಹೇಬರು ಹಟ ತೊಟ್ಟಿದ್ದರು, ಸತ್ತರೆ ಹಾಲಿ ಆಗಿಯೇ ಸಾಯಬೇಕು ಅಂತ.

"ಮಾನ್ಸೊ, ಇವತ್ತು ಸಂಜೆ ಐದರವರೆಗೂ ಯಾರು ಏನು ಕೊಟ್ಟರೂ ನಾನು ಮುಟ್ಟಲ್ಲ. ನೀರೂ ಇಲ್ಲ. ನೋಡೇ ಬಿಡೋಣ!"

"ಶಹಬ್ಬಾಸ್! ನಾನೂ ಜೊತೆಗೆ ಬರ್ತೀನಿ. ಕಾವಲಿಗೆ ಒಬ್ಬರು ಬೇಕಲ್ಲ."

ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಬಂದು ಅದರ ಹೊಟ್ಟೆ ಬಗೆದು ಕೈಚೆಲ್ಲುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಕ್ಷದ ಕಚೇರಿ ಊರಿನ ಆ ತುದಿಗೆ, ಎರಡು ಮೈಲಿ. ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರು ಅರ್ಜಿಯನ್ನು ಎದೆಗವಚಿಕೊಂಡು ನಡೆದೇ ಹೊರಟರು. ಮಾನ್ಸೊ ತನ್ನ ಅಂಗಡಿಯ ಮುಂದೆ ನೆಡುತ್ತಿದ್ದ ಕೆಂಪು ಪಟ್ಟೆಯ ದೊಡ್ಡ ಕೊಡೆಯನ್ನು ಕಿತ್ತುತಂದು ಅವರ ತಲೆಯ ಮೇಲೆ ಹಿಡಿದ.

ಅರ್ಜಿಗೆ ಒಬ್ಬ ಹಿರಿಯರ ಸಹಿ ಬೇಕಿತ್ತು. ನಿವೃತ್ತ ಹೆಡ್‌ಮಾಸ್ತರ್ ಅನೊಕ್ಯೆ ಅವರ ಮನೆ ದಾರಿಯಲ್ಲೇ ಇತ್ತು. ನಮ್ಮಲ್ಲಿ ಬಂದವರಿಗೆ ಮೊದಲು ನೀರು, ಆಮೇಲೆ "ಏನು ಬಂದಿರಿ" ಎಂಬ ಪ್ರಶ್ನೆ. ನೀರು ಕುಡಿಯದ ಹೊರತು ಮಾತೇ ಹುಟ್ಟುವುದಿಲ್ಲ.

"ನೀರು ತಗೊಳ್ಳಿ, ಆನರಬಲ್."

"ದಾಬಿ."

"ಬರೀ ನೀರು ಮಾರಾಯ್ರೆ! ಮಣ್ಣಿನ ಗಡಿಗೇದು, ತಣ್ಣಗಿದೆ."

ಸಾಹೇಬರು ಲೋಟದ ಹೊರಗೆ ಬೆವರುತ್ತಿದ್ದ ಹನಿಗಳನ್ನು ನೋಡಿದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆದರೂ ಮುಖ ತಿರುಗಿಸಿ, "ಜನರೆದುರು ಇವತ್ತು ನಾನು ಏನೂ ಕುಡಿಯೋ ಹಾಗಿಲ್ಲ. ಕಾರಣ ಕೇಳಬೇಡಿ" ಎಂದರು.

ಮಾಸ್ತರರ ಮುಖ ಮೊದಲು ಕೆಂಪಾಯಿತು. ಅತಿಥಿ ನೀರು ಒಲ್ಲೆನೆಂದರೆ ಕೆನ್ನೆಗೆ ಹೊಡೆದ ಹಾಗೆ. ಆಮೇಲೆ ಅವರು ಬಾಗಿಲಾಚೆ ಕೊಡೆ ಹಿಡಿದು ನಿಂತಿದ್ದ ಮಾನ್ಸೊನನ್ನು ನೋಡಿದರು, ಮತ್ತೆ ಸಾಹೇಬರನ್ನು ನೋಡಿದರು. ಥಟ್ಟನೆ ಕುರ್ಚಿಯಿಂದೆದ್ದು, ಹೊದ್ದ ಬಟ್ಟೆಯನ್ನು ದೊಡ್ಡವರೆದುರು ಮಾಡುವಂತೆ ಹೆಗಲಿನಿಂದ ಜಾರಿಸಿ, ಎರಡೂ ಕೈಯಲ್ಲಿ ಅರ್ಜಿ ಇಸಿದುಕೊಂಡು, ಓದದೆಯೇ ಸಹಿ ಹಾಕಿಕೊಟ್ಟರು.

"ನೋಡಿದ್ಯಾ ಮಾನ್ಸೊ? ಎಪ್ಪತ್ತೆಂಟು ವರ್ಷದ ಮುದುಕರು ಎದ್ದು ನಿಂತ್ರು! ಜನ ನನ್ನ ಮರೆತಿಲ್ಲ ಕಣಯ್ಯ."

ರಾಜಕಾರಣಿಯ ಸ್ವಭಾವವೇ ಅದು. ಎದುರಿಗಿದ್ದವನು ಬಗ್ಗಿದರೆ ಸಾಕು, ಬೆನ್ನುನೋವೋ ಭಕ್ತಿಯೋ ಎಂದು ವಿಚಾರಿಸಲು ಹೋಗುವುದಿಲ್ಲ.

ಮಾರುಕಟ್ಟೆ ಹತ್ತಿರ ಆಕ್ಯಾ ಅಮ್ಮನ ಊಟದ ಅಂಗಡಿ. ಊರಿನಲ್ಲಿ ಯಾರು ಉಂಡರು, ಯಾರು ಉಪವಾಸ ಎಂಬುದೆಲ್ಲ ಆಕೆಗೆ ಗೊತ್ತಿರಬೇಕು, ಇಲ್ಲದಿದ್ದರೆ ನಿದ್ದೆ ಬಾರದು. ಸೌಟು ಹಿಡಿದೇ ಬೀದಿಗಿಳಿದು ಅಡ್ಡ ನಿಂತಳು.

"ಏನ್ ಸಾಹೇಬ್ರೆ, ಮುಖ ಒಣಗಿದ ಮೀನಿನ ಥರ ಆಗಿದೆ! ಬನ್ನಿ, ಫುಫು ಮುದ್ದೆ ಕುಟ್ಟಿದೀವಿ, ಮೇಕೆ ಮಾಂಸದ ಸಾರಿದೆ."

"ದಾಬಿ!"

"ಸಾರಾದ್ರೂ ಎರಡು ಗುಟುಕು? ಚಿಕ್ಕಂದಿನಲ್ಲಿ ಬಾಣಲೆ ನೆಕ್ಕೋರು ನೀವು!"

"ಆಕ್ಯಾ ಅಮ್ಮಾ, ದಾರಿ ಬಿಡಿ. ಬೀದೀಲಿ ನಿಂತು ನಾನು ಏನೂ ಮುಟ್ಟಲ್ಲ. ಆ ಕಾಲ ಹೋಯ್ತು."

ಆಕ್ಯಾ ಅಮ್ಮನ ಸೌಟು ಕೈಯಿಂದ ಬಿತ್ತು. ಕೊಡೆಯನ್ನು ನೋಡಿದಳು, ಸಾಹೇಬರನ್ನು ನೋಡಿದಳು, ಬಾಯಿಗೆ ಅಂಗೈ ಮುಚ್ಚಿಕೊಂಡು ಒಳಗೆ ಓಡಿದಳು. ಎರಡೇ ನಿಮಿಷದಲ್ಲಿ ಅಂಗಡಿಯಲ್ಲಿ ಉಣ್ಣುತ್ತಿದ್ದವರೆಲ್ಲ ಕೈ ತೊಳೆದುಕೊಂಡು ಸಾಹೇಬರ ಹಿಂದೆ ಹೊರಟರು. ನೀರಿನ ಪೊಟ್ಟಣ ಮಾರುವ ಹೆಂಗಸಿನ ಹತ್ತಿರ ಸಾಹೇಬರು ತಾವೇ ದುಡ್ಡು ಕೊಟ್ಟು ಒಂದು ಕೊಳ್ಳಲು ಹೋದರೆ, ಆಕೆ "ನಿಮ್ಮ ಹತ್ರ ದುಡ್ಡು ತಗೊಳ್ಳೋದುಂಟೇ?" ಎಂದು ಕೈ ಮುಗಿದಳು. ಪುಕ್ಕಟೆ ನೀರೇ? ಇದರಲ್ಲೂ ಅಕ್ಕನ ಕೈವಾಡವಿದ್ದರೆ? ಸಾಹೇಬರು ಪೊಟ್ಟಣವನ್ನು ಬುಟ್ಟಿಗೆ ಎಸೆದು ಮುನ್ನಡೆದರು.

ಚರಂಡಿ ದಾಟುವಾಗ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಸಾಹೇಬರು ಒಂಟಿಕಾಲಲ್ಲಿ ನಿಂತು ತೂರಾಡಿದರು.

"ಅಯ್ಯಯ್ಯೋ, ಕಾಲು ನೆಲಕ್ಕೆ ಸೋಕದಿರಲಿ!" ಎಂದು ಜನ ಹುಯ್ಯಲಿಟ್ಟರು. ನಾಲ್ಕು ಜನ ಕಂಕುಳಿಗೆ ಕೈಕೊಟ್ಟು ಎತ್ತಿಹಿಡಿದರು. ಯಾರೋ ಒಬ್ಬ ತನ್ನ ಹೊಸ ಚಪ್ಪಲಿ ಬಿಚ್ಚಿ, ಮೊಣಕಾಲೂರಿ ಅವರ ಪಾದಕ್ಕೆ ತೊಡಿಸಿದ. ಸಾಹೇಬರ ಕಣ್ಣಲ್ಲಿ ನೀರೇ ಬಂತು. ಮೈಯಲ್ಲಿ ಉಳಿದಿದ್ದ ನೀರು ಅದೊಂದೇ.

"ಎಂಟು ವರ್ಷ ಊರು ಬಿಟ್ಟಿದ್ದರೂ ಇಷ್ಟು ಪ್ರೀತಿ!" ಎಂದು ಗದ್ಗದರಾದರು. "ಈಗಿನ ಎಂಪಿ ಇದನ್ನ ನೋಡಬೇಕಿತ್ತು. ದಿವಂಗತನಂತೆ, ದಿವಂಗತ!"

ಪಕ್ಷದ ಕಚೇರಿ ಮುಟ್ಟಿದಾಗ ನಾಲ್ಕೂವರೆ. ಹಿಂದೆ ಕಡಿಮೆಯೆಂದರೂ ನಾನೂರು ಜನ, ಎರಡು ಡೋಲು, ಒಂದು ಕೊಂಬು. ಸಾಹೇಬರು ಕಚೇರಿಯ ಜಗಲಿ ಏರಿ, ಜಿಲ್ಲಾ ಕಾರ್ಯದರ್ಶಿ ಅಫ್ರಿಯೆ ಎಂಬ ಕನ್ನಡಕದ ಹೆಂಗಸಿನ ಮೇಜಿನ ಮೇಲೆ ಅರ್ಜಿಯನ್ನು ಪಟ್ಟೆಂದು ಬಡಿದರು.

ಅಫ್ರಿಯೆ ಎದ್ದು ನಿಂತು ಮಂಡಿ ಬಗ್ಗಿಸಿದಳು. "ಕ್ಷಮಿಸಬೇಕು ನಾನಾ. ಇದನ್ನ ನಾನು ತಗೊಳ್ಳೋ ಹಾಗಿಲ್ಲ."

ನಾನಾ ಎಂದು ನಮ್ಮಲ್ಲಿ ಕರೆಯುವುದು ಪೀಠದ ಒಡೆಯನನ್ನು. ಸಾಹೇಬರ ಕಿವಿ ನಿಮಿರಿತು.

"ಯಾರಮ್ಮ ನಾನಾ? ಬೆಳಗಿನಿಂದ ನಾನು ಯಾರ ಪಾನೀಯವನ್ನೂ ಮುಟ್ಟಿಲ್ಲ! ಇಡೀ ಊರೇ ಸಾಕ್ಷಿ!"

"ಅದೇ ಹೇಳ್ತಿರೋದು ನಾನಾ. ಇಡೀ ಊರೇ ನೋಡಿದೆ. ಜನರೆದುರು ಉಣ್ಣದೆ ಕುಡಿಯದೆ ಇರೋರು ನಮ್ಮಲ್ಲಿ ಇನ್ಯಾರು? ಒಡೆಯರೊಬ್ಬರೇ."

ಸಾಹೇಬರಿಗೆ ಜಗಲಿಯೇ ತಿರುಗಿದಂತಾಯಿತು. ಹೌದಲ್ಲ! ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ರಿವಾಜು. ಎಂಟು ವರ್ಷ ಪರದೇಶದ ಪಾರ್ಟಿಗಳಲ್ಲಿ ನಿಂತು ಕುಡಿದೂ ಕುಡಿದೂ ಅವರ ತಲೆಯಿಂದ ಕೊಚ್ಚಿಕೊಂಡು ಹೋಗಿತ್ತು. ಕೊಡೆ ಬೇರೆ! ಚಪ್ಪಲಿ ಬೇರೆ! ದೊಡ್ಡ ಕೊಡೆಯ ನೆರಳೂ ಮಣ್ಣಿಗೆ ಸೋಕದ ಪಾದವೂ ನಮ್ಮಲ್ಲಿ ಒಡೆಯರಿಗೇ ಮೀಸಲು. ಮಾನ್ಸೊ ಮೆಲ್ಲಗೆ ಕೊಡೆಯನ್ನು ಇನ್ನೊಬ್ಬನ ಕೈಗೆ ದಾಟಿಸಿ ಕಂಬದ ಮರೆಗೆ ಸರಿದ.

ಜನ ಎರಡು ಭಾಗವಾದರು. ನಡುವೆ ಬಿಳಿ ಬಟ್ಟೆಯುಟ್ಟ ಅಬೆನಾ ಸೆರ್ವಾ ಹಿರಿಯರೊಂದಿಗೆ ನಡೆದುಬಂದಳು.

"ಅಕ್ಕಾ! ಇದೆಲ್ಲ ನಿನ್ನ ಹೂಟ ತಾನೆ?"

"ನನ್ನ ಹೂಟವೇ? ಪಟ್ಟೀಲಿ ನಿನ್ನ ಹೆಸರೇ ಇರಲಿಲ್ಲ ಕಣೋ! ಯಾವುದಕ್ಕೂ ಆಗಲ್ಲ ಅನ್ನೋನು ಒಡೆಯನಾದ್ರೆ ಊರು ಉದ್ಧಾರ ಆದ ಹಾಗೇ. ಆ ಬಾಟಲಿ ತರಿಸಿದ್ದು ಕೋಕೋ ವ್ಯಾಪಾರಿ ಬೊಟ್ವೆಗೆ." ಅವಳು ದನಿ ತಗ್ಗಿಸಿದಳು. "ಆದ್ರೆ ಮಧ್ಯಾಹ್ನದಿಂದ ಹಿರಿಯರು ಒಬ್ಬೊಬ್ಬರಾಗಿ ಓಡಿಬಂದ್ರು. ಉರಿಬಿಸಿಲಲ್ಲಿ ಎರಡು ಮೈಲಿ, ಹನಿ ನೀರಿಲ್ಲ, ಆಕ್ಯಾ ಕೊಟ್ಟ ಸಾರಿಗೂ ಮನಸೋಲಲಿಲ್ಲ, ಪಾದ ಮಣ್ಣಿಗೆ ಸೋಕಲಿಲ್ಲ! ಪೀಠವೇ ಅವನನ್ನ ಕರೆದಿದೆ, ನಾವ್ಯಾರು ಬೇಡ ಅನ್ನೋಕೆ ಅಂದ್ರು. ನಾನೇನ್ ಮಾಡ್ಲಿ?"

"ದಾಬಿ! ದಾಬಿ! ದಾಬಿ!"

"ನೋಡಿ, ಎಷ್ಟು ಗಂಭೀರವಾಗಿ ಹೇಳ್ತಾರೆ" ಎಂದ ಒಬ್ಬ ಹಿರಿಯ. ಡೋಲು ಮೊಳಗಿತು.

ಸಾಹೇಬರ ಕಣ್ಣು ಅಫ್ರಿಯೆಯ ಮೇಜಿನ ಮೇಲಿದ್ದ ನೀರಿನ ಹೂಜಿಯ ಮೇಲೆ ಬಿತ್ತು. ಕೈಗಡಿಯಾರ ನೋಡಿದರು, ಐದಕ್ಕೆ ಇನ್ನು ಎರಡೇ ನಿಮಿಷ. ಸರ್ಕಾರಗಳನ್ನೇ ಎದುರು ಹಾಕಿಕೊಂಡವರು, ಒಂದು ಊರಿಗೆ ಹೆದರುತ್ತಾರೆಯೇ? ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಗಲಿಯ ಅಂಚಿಗೆ ಬಂದು ನಿಂತರು.

"ಕೇಳ್ರಪ್ಪಾ ಬೊಸೊಕ್ರೊಮ್‌ನವರೇ! ಇದು ಪಕ್ಷದ ಕಚೇರಿ ನೀರು, ನಮ್ಮಕ್ಕ ಕೊಟ್ಟಿದ್ದಲ್ಲ! ಒಡೆಯರು ಜನರೆದುರು ಕುಡಿಯಲ್ಲ ತಾನೆ? ನಾನು ಕುಡೀತೀನಿ! ನಾನೂರು ಜನ ಕಣ್ಣು ಬಿಟ್ಟು ನೋಡಿ! ಅಫ್ರಿಯೆ, ನೀನೂ ನೋಡು, ನೋಡಿ ಬರ್ಕೋ! ನಾನು ಯಾರ ನಾನಾನೂ ಅಲ್ಲ, ನಾನು ಅಭ್ಯರ್ಥಿ!"

ಹೂಜಿ ಮೇಲೆದ್ದಿತು. ಅದರ ಅಂಚು ತುಟಿಗೆ ತಾಗುವ ಮೊದಲೇ ನಾಲ್ಕು ಜನ ಹಿರಿಯರು ಛಂಗನೆ ಜಗಲಿಗೆ ಹಾರಿ, ಹೊದ್ದ ಬಟ್ಟೆಗಳನ್ನು ಬಿಚ್ಚಿ, ಅವರ ಸುತ್ತ ಗೋಡೆಯಂತೆ ಎತ್ತಿಹಿಡಿದರು. ಒಡೆಯರಿಗೆ ಬೀದಿಯಲ್ಲಿ ಬಾಯಾರಿದರೆ ನಮ್ಮಲ್ಲಿ ಮಾಡುವುದೇ ಹಾಗೆ. ಜನವೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿತು. ಅಫ್ರಿಯೆ ಕನ್ನಡಕ ತೆಗೆದು ನೆಲ ನೋಡುತ್ತಾ ನಿಂತಳು.

"ಕುಡೀತಿದ್ದೀನ್ರೋ! ನೋಡ್ರೋ ಈ ಕಡೆ!" ಎಂದು ಬಟ್ಟೆಯೊಳಗಿನಿಂದ ಅರಚಿದ ದನಿಯನ್ನು ಕೊಂಬಿನ ಸದ್ದು ನುಂಗಿಹಾಕಿತು. ಆಮೇಲೆ ಕೇಳಿದ್ದು ಗಟಗಟ ಗುಟುಕಿನ ಸದ್ದು ಮಾತ್ರ. ದಿನವಿಡೀ ಒಣಗಿದ ಗಂಟಲು, ಒಮ್ಮೆ ಶುರುಮಾಡಿದ ಮೇಲೆ ಹೂಜಿ ಬರಿದಾಗುವವರೆಗೆ ನಿಲ್ಲಲಿಲ್ಲ. ಒಳಗೆಲ್ಲೋ ಗಡಿಯಾರ ಐದು ಹೊಡೆಯಿತು.

ಅಬೆನಾ ಸೆರ್ವಾ ಬಟ್ಟೆಯ ಹತ್ತಿರ ಬಾಯಿ ತಂದಳು. ಹುಟ್ಟಿದಂದಿನಿಂದ ತಮ್ಮನನ್ನು "ನೀನು" ಎನ್ನುತ್ತಿದ್ದವಳ ನಾಲಿಗೆಗೆ ಬೇರೆ ಮಾತು ಬಂತು.

"ನಿಧಾನವಾಗಿ ಕುಡೀರಿ ನಾನಾ. ಯಾರೂ ನೋಡ್ತಿಲ್ಲ."