ಹನಿ ಬೀಳದ ಜೀಪು

ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ನಾಗಭೂಷಣ ಹಲ್ಲುಜ್ಜುತ್ತಾ ಮನೆಯ ಮುಂದೆ ಬಂದು ನೋಡಿದರೆ, ಜೀಪಿನ ಕೆಳಗೆ ದೋಸೆಯಗಲದ ಕಪ್ಪು ಕಲೆ. ನಿನ್ನೆ ಅದು ಇಡ್ಲಿಯಷ್ಟಿತ್ತು. ಎಂಜಿನ್ ಎಣ್ಣೆ ಸೋರುವುದು ಹೊಸದೇನಲ್ಲ. ಇವತ್ತು ಸೋರಬಾರದಿತ್ತು, ಅಷ್ಟೆ.

ಸಂಜೆ ಮಾವ ತಿಪ್ಪೇರುದ್ರಪ್ಪ ಬರುವವರಿದ್ದರು. ಜೀಪು ಅವರದೇ. ಸಿರಿಗೆರೆ ಕಡೆಯ ಹಳ್ಳಿಯಲ್ಲಿ ಬಹಳ ವರ್ಷ ಓಡಿಸಿ, ಹೋದ ಯುಗಾದಿಯಲ್ಲಿ ಹಿರಿಯಳಿಯನಿಗೆ ಕೊಟ್ಟಿದ್ದರು. ಕೊಡುವಾಗ ನಾಲ್ಕು ಜನರ ಮುಂದೆ ಹೇಳಿದ್ದರು: "ನನ್ನ ಕೈಲಿದ್ದಷ್ಟು ದಿನ ಇದರ ಎಣ್ಣೆ ಒಂದು ಹನಿ ನೆಲ ಕಂಡಿಲ್ಲ. ನಿಮ್ಮ ಕೈಲಿ ಸೋರ್ತು ಅಂತ ಕಿವಿಗೆ ಬಿತ್ತೋ, ತಗಂಡೋಗಿ ಬಾಲರಾಜಂಗೆ ಕೊಡ್ತೀನಿ." ಬಾಲರಾಜು ಹಿರಿಯೂರಿನ ಕಿರಿಯಳಿಯ. ಬಂದಾಗಲೆಲ್ಲ ಬಾನೆಟ್ ಸವರಿ, "ಚೆನ್ನಾಗೈತೆ ಅಣ್ಣ, ಚೆನ್ನಾಗೈತೆ" ಎನ್ನುವವನು.

ನಾಗಭೂಷಣನಿಗೆ ಆ ಜೀಪೆಂದರೆ ಪ್ರಾಣ. ಸ್ಕೂಲಿನಲ್ಲಿ ಅವನ ಪಿರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿಯನ್ನು ಯಾರು ಬೇಕಾದರೂ ಎಳೆದುಕೊಳ್ಳುತ್ತಿದ್ದರು. ಜೀಪು ಹತ್ತಿ ಕೂತಾಗ ಮಾತ್ರ ಹೊಸದುರ್ಗದ ಜನ ಅವನಿಗೆ ದಾರಿ ಬಿಡುತ್ತಿದ್ದರು. ಅದೂ ಹೋದರೆ ಅವನ ಬಳಿ ಉಳಿಯುವುದು ಬಣ್ಣದ ಚಾಕ್‌ಪೀಸು ಮಾತ್ರ.

"ಮೆಕ್ಯಾನಿಕ್ಕಿಗೆ ತೋರಿಸ್ರಿ ಅಂತ ಎಷ್ಟು ಸಲ ಬಡ್ಕಂಡೆ?" ಎಂದಳು ಹೆಂಡತಿ ಯಶೋದಾ.

"ಅವನು ಮನೆದೇವ್ರಿಗೆ ಹೋಗಿದಾನೆ ಕಣೆ."

"ಹಂಗಾರೆ ನೀವು ನಿಮ್ಮ ದೇವ್ರನ್ನ ನೆನೀರಿ" ಎಂದು ಅವಳು ಒಳಗೆ ಹೋದಳು.

ದೇವರು ಬರಲಿಲ್ಲ, ಎದುರು ಮನೆಯ ಜುಂಜಣ್ಣ ಬಂದ. ರಿಟೈರಾದ ಬಸ್ ಡ್ರೈವರು. ಬೈಯಲು ಪ್ಯಾಸೆಂಜರುಗಳಿಲ್ಲದೆ ಸೊರಗಿಹೋಗಿದ್ದ. ಕಲೆ ನೋಡಿದ್ದೇ ಮುಖಕ್ಕೆ ಕಳೆ ಬಂತು.

"ಎಣ್ಣೆ ಬಿದ್ದ ಜಾಗ ನೋಡಬ್ಯಾಡ್ರಿ ಮೇಷ್ಟ್ರೆ. ಅದು ಹುಟ್ಟೋದು ಒಂದು ಕಡೆ, ಬೀಳೋದು ಇನ್ನೊಂದು ಕಡೆ. ಊರ ಸುದ್ದಿ ಇದ್ದಂಗೆ. ಮೊದ್ಲು ಎಂಜಿನ್ ತೊಳೀಬೇಕು."

ತೊಳೆಯುವುದೆಂದರೆ ಜುಂಜಣ್ಣ ಕುರ್ಚಿ ಹಾಕಿಸಿಕೊಂಡು ಕೂರುವುದು, ನಾಗಭೂಷಣ ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗುವುದು. ಡೀಸೆಲ್ಲು, ಹಳೇ ಬನಿಯನ್ನು, ಬ್ರಷ್ಷು ಎಲ್ಲ ಬಂದವು. ಬಹಳ ವರ್ಷಗಳ ಕೊಳೆ ಮೇಷ್ಟ್ರ ಕುತ್ತಿಗೆಗೆ ಇಳಿಯಿತು. ಒಂದು ಹನಿ ಕಿವಿಯೊಳಗೂ ಹೋಯಿತು. ಪಕ್ಕದ ಮನೆಯ ಬರಗೇರಮ್ಮ ಎಮ್ಮೆಗೆ ಹುಲ್ಲು ಹಾಕುವುದನ್ನು ಬಿಟ್ಟು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಣ್ಣು ತಾಗೈತೆ. ನಿಂಬೆಹಣ್ಣು ಕಟ್ರಿ."

"ಅದಾಮೇಲೆ ಕಟ್ಟಾಣ ಬರಗೇರಕ್ಕ. ಈಗ ಬಿಳಿ ಪುಡಿ ಬೇಕು" ಎಂದ ಜುಂಜಣ್ಣ. "ಒಣಗಿದ ಎಂಜಿನ್ ಮ್ಯಾಲೆ ಪುಡಿ ಉದುರಿಸಿ, ಸ್ಟಾರ್ಟ್ ಮಾಡಿ ಬಿಡೋದು. ಎಲ್ಲಿ ಒದ್ದೆ ಗೆರೆ ಮೂಡ್ತೈತೋ, ಅಲ್ಲೇ ಕಳ್ಳ."

ಯಶೋದಾ ತನ್ನ ಪೌಡರ್ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೊನೆಗೆ ಬರಗೇರಮ್ಮನೇ ಮೊರದ ತುಂಬ ಅಕ್ಕಿಹಿಟ್ಟು ತಂದಳು. "ರೊಟ್ಟಿ ಮಾಡಾಕೆ ನಿನ್ನೆ ಬೀಸಿಸ್ಕಂಬಂದಿದ್ದೆ. ಜರಡಿ ಹಿಡಿದೀನಿ, ಕಸ ಇಲ್ಲ" ಎಂದಳು, ಎಂಜಿನ್ನಿಗೆ ಕಸ ಆಗಿಬರುವುದಿಲ್ಲವೆಂಬಂತೆ.

ಹಿಟ್ಟು ಉದುರಿಸಿ ಎಂಜಿನ್ ಓಡಿಸಿದರು. ಬೀದಿಗೆಲ್ಲ ಸೀದ ರೊಟ್ಟಿಯ ವಾಸನೆ ಹಬ್ಬಿತು. ಸ್ವಲ್ಪ ಹೊತ್ತಿಗೆ ಹಿಟ್ಟಿನ ಮೇಲೆ ಎಲ್ಲೋ ಒಂದು ಸಣ್ಣ ಗೆರೆ ಮೂಡಿದಂತಾಯಿತು.

"ಬಂತು! ಈಗ ಆರಿಸ್ರಿ. ಗೆರೆ ನಿಧಾನಕ್ಕೆ ಬಲೀಲಿ. ಅಷ್ಟೊತ್ತಿಗೆ ಟೀ ಕುಡಿಯಾಣ" ಎಂದ ಜುಂಜಣ್ಣ.

ಟೀ ಕುಡಿದು ಹೊರಗೆ ಬಂದರೆ ಬೀದಿ ತುಂಬ ಮಾರಣ್ಣನ ಕುರಿಹಿಂಡು. ಕೊಯ್ಲಾದ ಹೊಲಕ್ಕೆ ಹೊರಟಿತ್ತು. ಕುರಿಗಳೇನೋ ಮರ್ಯಾದೆಯಿಂದ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದವು. ಜೊತೆಗಿದ್ದ ಮೂರು ಮೇಕೆಗಳು ಮಾತ್ರ ಮುಂಗಾಲನ್ನು ಬಂಪರ್ ಮೇಲಿಟ್ಟು, ತೆರೆದ ಬಾನೆಟ್ಟಿನೊಳಗೆ ಮುಖ ಹಾಕಿದ್ದವು. ನಾಗಭೂಷಣ ಓಡಿಹೋಗಿ ನೋಡಿದ. ಗೆರೆಯೂ ಇಲ್ಲ, ಹಿಟ್ಟೂ ಇಲ್ಲ. ಅವನು ಡೀಸೆಲ್ ಹಾಕಿ ತಿಕ್ಕಿದಾಗಲೂ ಎಂಜಿನ್ ಅಷ್ಟು ಚೊಕ್ಕಟವಾಗಿರಲಿಲ್ಲ.

"ಏನ್ರಿ ಮೇಷ್ಟ್ರೆ, ಓದಿದೋರು ಹಿಂಗೆ ದಾರಿಯಾಗೆ ಹಿಟ್ಟಿಟ್ಟು ಮೇಕೆ ಕರೀತಾರೇನ್ರಿ?" ಮಾರಣ್ಣ ಜಗಳಕ್ಕೆ ನಿಂತ. "ಎಣ್ಣೆ ಹಿಟ್ಟು ತಿಂದು ಹೊಟ್ಟೆ ಉಬ್ಬರಿಸ್ಕಂಡ್ರೆ ಯಾರ್ರಿ ನೋಡೋರು?"

ನಾಗಭೂಷಣ ಸಂಜೆ ಬಂದು ಮೂರೂ ಮೇಕೆಗಳ ಆರೋಗ್ಯ ವಿಚಾರಿಸುವುದಾಗಿ ಮಾತು ಕೊಟ್ಟ ಮೇಲೆ ಹಿಂಡು ಮುಂದೆ ಹೋಯಿತು. ಅಷ್ಟರಲ್ಲಿ ಯಶೋದಾ ಬಾಗಿಲಿಗೆ ಬಂದಳು. "ಅಪ್ಪ ದುರ್ಗದಾಗೆ ಬಸ್ ಹತ್ತಿದ್ರಂತೆ" ಎಂದು ಹೇಳಿ ಮಿರ್ಚಿ ಕರಿಯಲು ಒಳಗೆ ಹೋದಳು. ಜೀಪಿನ ಕೆಳಗೆ ಆಗಲೇ ಹೊಸದೊಂದು ಹನಿ ಬಿದ್ದು ಹೊಳೆಯುತ್ತಿತ್ತು. ನಾಗಭೂಷಣನಿಗೆ ಅಳುವೇ ಬಂತು.

"ಮೇಷ್ಟ್ರೆ, ಒಂದು ಮಾತು ಕೇಳ್ತೀನಿ" ಎಂದ ಜುಂಜಣ್ಣ. "ಸೋರೋದು ಏನು?"

"ಎಣ್ಣೆ."

"ಎಣ್ಣೆನೇ ಇಲ್ಲಾಂದ್ರೆ ಸೋರೋದೇನು?"

ನಾಗಭೂಷಣ ಅವನ ಮುಖ ನೋಡಿದ.

"ಪೂರ್ತಿ ಇಳಿಸಿಬಿಡಾಣ. ನಿಮ್ಮ ಮಾವ ಬರ್ತಾರೆ, ಬಗ್ಗಿ ನೋಡ್ತಾರೆ, ಮಂಡಕ್ಕಿ ತಿಂತಾರೆ, ಬಸ್ ಹತ್ಕಂಡು ಹೋಗ್ತಾರೆ. ಆಮೇಲೆ ವಾಪಸ್ ಸುರಿಯೋದು. ಜೀಪೇನು ಅವರ ಮುಂದೆ ಓಡಿ ತೋರಿಸ್ಬೇಕಾ?"

ಕೆಳಗಿನ ನಟ್ಟು ಬಿಚ್ಚಿ ಎಣ್ಣೆಯನ್ನೆಲ್ಲ ಒಂದು ತಗಡಿನ ಡಬ್ಬಕ್ಕೆ ಇಳಿಸಿ, ನಟ್ಟು ಬಿಗಿ ಮಾಡಿದರು. ಬರಗೇರಮ್ಮ ಬೂದಿ, ಸೋಪಿನ ಪುಡಿ ಹಾಕಿ ನೆಲ ತಿಕ್ಕಿದಳು. ಜೀಪು ಹಸುಗೂಸಿನಂತೆ ಶುಭ್ರವಾಗಿ ನಿಂತಿತು.

ತಿಪ್ಪೇರುದ್ರಪ್ಪ ಬಂದವರು ಕಾಲಿಗೆ ನೀರನ್ನೂ ಹಾಕಿಕೊಳ್ಳಲಿಲ್ಲ. ಬಿಳಿ ಪಂಚೆ ಎತ್ತಿಕಟ್ಟಿ ಮಂಡಿಯೂರಿ, ಜೀಪಿನ ಕೆಳಗೆ ಕೈ ಆಡಿಸಿ, ಅಂಗೈ ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ಜಗಲಿಯ ಮೇಲೆ ದೊಪ್ಪನೆ ಕೂತರು.

"ಅಳಿಯಂದ್ರೆ, ಒಂದು ಹನಿನೂ ಇಲ್ಲ."

"ಇಲ್ಲ ಮಾವ."

"ಹೆಂಗೆ ಸಾಧ್ಯ?" ಅವರ ಕಣ್ಣಲ್ಲಿ ನೀರಾಡಿತು. "ನಾನು ಸುಳ್ಳು ಹೇಳಿದ್ದೆ. ನನ್ನ ಕೈಲಿದ್ದಾಗ ಇದು ದಿನಾ ಸೋರ್ತಿತ್ತು. ದುರ್ಗದೋರು ನೋಡಿದ್ರು, ಹಿರಿಯೂರೋರು ನೋಡಿದ್ರು, ಎಲ್ಲಿಂದ ಅಂತ ಒಬ್ರಿಗೂ ಸಿಗ್ಲಿಲ್ಲ. ಸಾಕಾಗಿ ನಿಮಗೆ ದಾಟಿಸ್ದೆ. ನೀವು ತಿರುಗಿಸಿ ಕೊಡಬಾರ್ದು ಅಂತ ಹಂಗೆ ಹೆದರಿಸಿದ್ದೆ."

ಮಂಡಕ್ಕಿ ತಟ್ಟೆ ಹಿಡಿದು ಬಂದ ಯಶೋದಾ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. "ಇವರು ಯಾವುದನ್ನೂ ಹೇಳ್ಕಳಲ್ಲ ಅಪ್ಪ" ಎಂದಳು. ಮದುವೆಯಾದ ಮೇಲೆ ಅವಳ ಬಾಯಲ್ಲಿ ಬಂದ ಮೊದಲ ಹೊಗಳಿಕೆ ಅದು. ನಾಗಭೂಷಣನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಮಾವ ಎದ್ದು ಬಾನೆಟ್ ಸವರಿದರು. "ತಪ್ಪು ತಿಳೀಬ್ಯಾಡ್ರಿ. ಇದರ ಮ್ಯಾಲೆ ನಂಗೆ ಜೀವ. ಸೋರ್ತೈತೆ ಅಂತ ಕೊಟ್ಟಿದ್ದೆ, ಈಗ ಸರಿಹೋಗೈತೆ. ನಾನೇ ತಗಂಡೋಗ್ತೀನಿ." ಕೀ ಜೀಪಿನಲ್ಲೇ ಇತ್ತು. ಹತ್ತಿಯೇ ಬಿಟ್ಟರು.

"ಮಾವ, ಎಣ್ಣೆ..."

"ಎಣ್ಣೆ ವಿಷಯ ಇನ್ನೊಂದ್ಸಲ ಎತ್ತಬ್ಯಾಡ್ರಿ. ನಂಗೆ ನಾಚಿಕೆ ಆಗ್ತೈತೆ" ಎನ್ನುತ್ತಾ ಗೇರು ಹಾಕಿದರು. ಎಣ್ಣೆ ಕಡಿಮೆಯಾದರೆ ಉರಿಯಬೇಕಿದ್ದ ಕೆಂಪು ದೀಪ ಅವರ ಕಾಲದಲ್ಲೇ ಸುಟ್ಟುಹೋಗಿತ್ತು.

ಜುಂಜಣ್ಣನ ಮೊಪೆಡ್ ಹೊರಟಿತು. ಹಿಂದೆ ನಾಗಭೂಷಣ, ಅವನ ತೊಡೆಯ ಮೇಲೆ ತುಳುಕುವ ಡಬ್ಬ. "ಮಾವಾ, ನಿಲ್ಸ್ರಿ!" ಎಂದು ಒಂದು ಕೈ ಬೀಸುತ್ತಾ ಕೂಗಿದ. ಕನ್ನಡಿಯಲ್ಲಿ ನೋಡಿದ ತಿಪ್ಪೇರುದ್ರಪ್ಪನವರು ಬೀಳ್ಕೊಡಲು ಬರುತ್ತಿದ್ದಾನೆಂದೇ ತಿಳಿದರು. ಇಂಥ ಅಳಿಯ ಯಾರಿಗುಂಟು ಎಂದುಕೊಂಡು ತಾವೂ ಕೈ ಬೀಸಿ, ನಿಂತರೆ ತಮ್ಮ ಮನಸ್ಸು ಕರಗೀತೆಂದು ಜೋರಾಗಿ ಓಡಿಸಿದರು. ತೆಂಗಿನಕಾಯಿ ಮಂಡಿ ದಾಟಿತು, ಊರಾಚೆಯ ಏರು ಬಂತು. ಜೀಪು ಟಕಟಕ ಎಂದಿತು, ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದಂತೆ ಒಮ್ಮೆ ಕಿರುಚಿತು, ನಿಂತಿತು. ಎಂಜಿನ್ ಜಾಮ್.

ಮೊಪೆಡ್ ಬಂದು ತಲುಪುವಾಗ ಮಾವ ಕೆಳಗಿಳಿದು ನಿಂತಿದ್ದರು. ಅಳಿಯನ ತೊಡೆಯ ಮೇಲಿದ್ದ ಡಬ್ಬದೊಳಗೆ ಇಣುಕಿದರು. ಬೆರಳದ್ದಿ ಮೂಸಿದರು. ಜುಂಜಣ್ಣನಿಗೆ ತಡೆಯಲಾಗಲಿಲ್ಲ.

"ಆದ್ರೂ ಕೆಳಗೆ ಒಂದು ಹನಿ ಬಿದ್ದೈತೇನೋ ನೀವೇ ನೋಡ್ಕಳ್ರಿ ಯಜಮಾನ್ರೆ."

ತಿಪ್ಪೇರುದ್ರಪ್ಪ ಬಗ್ಗಿ ನೋಡಿದರು. ಬಿದ್ದಿರಲಿಲ್ಲ. ಎದ್ದು, ಕೀ ತೆಗೆದು ಅಳಿಯನ ಎಣ್ಣೆಗೈಯಲ್ಲಿಟ್ಟರು.

"ಅಳಿಯಂದ್ರೆ, ನನ್ನ ಕೈಲಿದ್ದಾಗ ಸೋರ್ತಿತ್ತು, ನಿಜ. ಆದ್ರೆ ಓಡ್ತಿತ್ತು. ಇನ್ನು ಇದನ್ನ ನಿಮ್ಮ ಹತ್ರದಿಂದ ಯಾರೂ ಕಿತ್ಕಳಲ್ಲ, ನೀವೇ ಇಟ್ಕಳ್ರಿ."

ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡರು.