ಮಗಳಿಗೆ ಅನುಭವ ಕೊಟ್ಟದ್ದು

ಕೆಲಸ ಸಿಗಬೇಕಾದರೆ ಅನುಭವ ಬೇಕು, ಅನುಭವ ಸಿಗಬೇಕಾದರೆ ಕೆಲಸ ಬೇಕು. ಈ ಏರ್ಪಾಡನ್ನು ಕಂಡುಹಿಡಿದ ಮಹಾನುಭಾವರು ಯಾರೋ ತಿಳಿಯದು. ಸಿಕ್ಕಿದರೆ ಅವರಿಗೆ ಮೊದಲ ಕೆಲಸ ಹೇಗೆ ಸಿಕ್ಕಿತೆಂದು ಕೇಳುವ ಆಸೆ ನನಗಿದೆ. ನನ್ನ ಮಗಳು ವಾಣಿಜ್ಯ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ಅವಳು ನೋಡಿದ ಜಾಹೀರಾತುಗಳೆಲ್ಲ 'ಹೊಸಬರಿಗೆ ಸ್ವಾಗತ' ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ 'ಅನುಭವ ಕಡ್ಡಾಯ' ಎಂದು ಸೇರಿಸುತ್ತಿದ್ದವು.

ಸಲಹೆ ಕೊಡುವುದಕ್ಕೆ ಮಾತ್ರ ಅಂಥ ಯಾವ ಅರ್ಹತೆಯೂ ಬೇಕಿರಲಿಲ್ಲ. ನನ್ನ ಭಾವಮೈದುನ (ಯಾವ ಕೆಲಸದಲ್ಲೂ ಒಂದು ಮಳೆಗಾಲ ಪೂರ್ತಿ ಕಳೆದವನಲ್ಲ) ಬಂದು, ಮನಸ್ಸಿಗೆ ಒಪ್ಪುವ ಕೆಲಸವನ್ನೇ ಹುಡುಕು ಎಂದ. ಪಕ್ಕದ ಮನೆಯ ದಂತವೈದ್ಯರು, ಸದಾ ಹಲ್ಲು ಕಾಣುವಂತೆ ನಗುತ್ತಿರು ಎಂದರು. ಅತ್ತಿಗೆ ಫೋನ್ ಮಾಡಿ, ಸಂದರ್ಶನದಲ್ಲಿ ನೀನು ನೀನಾಗಿಯೇ ಇರು ಎಂದರು. ಮಗಳು ಹಾಗೇ ಇದ್ದು ಬಂದಳು. ಅವರು ಬೇರೆಯವರನ್ನು ತೆಗೆದುಕೊಂಡರು.

ಆಗ ನಾನು ರಂಗಕ್ಕಿಳಿದೆ. ಪಂಪು ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣಾಧಿಕಾರಿಯಾಗಿ ನಿವೃತ್ತನಾಗಿ ಆಗಷ್ಟೇ ಮನೆ ಸೇರಿದ್ದೆ. ಅಲ್ಲಿ ಒಂದು ನಟ್ಟು ಬೇಕಾದವರೂ ನನ್ನ ಮೇಜಿನ ಮುಂದೆ ನಿಂತು ಕಾರಣ ಹೇಳಬೇಕಿತ್ತು. ಇಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಕಾರಣ ಹೇಳಬೇಕಾದವನು ನಾನು.

"ಅನುಭವ ತಾನೇ ಬೇಕು? ನಾನು ಕೊಡ್ತೀನಿ," ಎಂದೆ. "ಈ ಮನೆಯೂ ಒಂದು ಸಂಸ್ಥೆನೇ. ಸಾಮಾನು ಬರುತ್ತೆ, ಖರ್ಚಾಗುತ್ತೆ, ಕೆಡುತ್ತೆ. ನಾಳೆಯಿಂದ ನೀನು ಗೃಹ ನಿರ್ವಹಣಾ ಸಹಾಯಕಿ, ನಾನು ನಿನ್ನ ಮೇಲಧಿಕಾರಿ. ಅದನ್ನೇ ಬಯೋಡೇಟಾದಲ್ಲಿ ಹಾಕು. ವಿಚಾರಿಸೋಕೆ ನನ್ನ ನಂಬರ್ ಕೊಡು."

"ಅಪ್ಪ, ನಗ್ತಾರೆ."

"ನಗಲಿ. ನಕ್ಕವರು ನೆನಪಿಟ್ಕೋತಾರೆ."

ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಕೇಳಿದಳು. "ರೀ, ಹಾಗಾದ್ರೆ ಈ ಸಂಸ್ಥೇಲಿ ನಾನೇನು?"

"ನೀನು ಹಳೇ ಸಿಬ್ಬಂದಿ."

"ಬಡ್ತಿ?"

"ಪರಿಶೀಲನೆಯಲ್ಲಿದೆ."

"ಮದುವೆ ಆದಾಗಿನಿಂದ ಅಲ್ಲೇ ಇದೆ," ಎಂದು ಅವಳು ಈಗ ತಲೆ ಎತ್ತಿ, ನನ್ನನ್ನೇ ನೋಡುತ್ತಾ ಬದನೆಕಾಯಿಯನ್ನು ಎರಡು ಹೋಳು ಮಾಡಿದಳು.

ಮಗಳು ಒಪ್ಪಿದಳು. ಆದರೆ ಷರತ್ತುಗಳ ಮೇಲೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಕೆಲಸ, ಭಾನುವಾರ ರಜೆ, ಒಂದು ಕೆಲಸದಲ್ಲಿದ್ದಾಗ ಇನ್ನೊಂದಕ್ಕೆ ಕೂಗುವಂತಿಲ್ಲ. ಕೆಲಸದ ಹೊತ್ತಿನಲ್ಲಿ ಅವಳು ನನ್ನನ್ನು 'ಸರ್' ಎಂದೇ ಕರೆಯುತ್ತಾಳಂತೆ. ಈ ಕೊನೆಯದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಉಳಿದವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ.

ಅವಳು ಮೊದಲು ಕೈ ಹಾಕಿದ್ದು ಅಡುಗೆಮನೆಯ ಅಟ್ಟಕ್ಕೆ.

"ಸರ್, ಇಲ್ಲಿ ಮೂರು ಮಿಕ್ಸಿ ಇವೆ."

"ಕೆಟ್ಟಿವೆ."

"ಮತ್ತೆ ಯಾಕಿಟ್ಟಿದ್ದೀರಿ?"

"ಬಿಡಿಭಾಗಕ್ಕೆ."

"ಕೆಳಗಿರೋ ನಾಲ್ಕನೇದು ಕೆಟ್ಟಾಗ ಇವುಗಳಿಂದ ಏನಾದ್ರೂ ತೆಗೆದು ಹಾಕಿದ್ರಾ?"

ವಿಷಯ ಬದಲಿಸುವುದು ಮೇಲಧಿಕಾರಿಯ ಹಕ್ಕು. ನಾನು ಚಲಾಯಿಸಿದೆ. ಅಷ್ಟರಲ್ಲಿ ಅವಳು ಕರೆಸಿದ್ದ ಗುಜರಿಯವನು ಬಂದು ಮೂರನ್ನೂ ಹೊತ್ತುಕೊಂಡು ಹೋದ.

ಆಮೇಲೆ ದಿನಬಳಕೆಯ ಡಬ್ಬಿಗಳು ಕೈಗೆ ಸಿಗುವ ಎತ್ತರಕ್ಕೆ ಇಳಿದವು. ಹಳೆಯ ಅಕ್ಕಿ ಮುಗಿಯುವ ತನಕ ಹೊಸ ಚೀಲದ ಬಾಯಿ ಬಿಚ್ಚುವಂತಿಲ್ಲ ಎಂದಾಯಿತು. ಅಡುಗೆ ನಡುವೆ ಗ್ಯಾಸ್ ಖಾಲಿಯಾಗಿ ನನ್ನನ್ನು ಬೈಯುವ ಸಂದರ್ಭಗಳು ನಿಂತುಹೋಗಿ, ಹೆಂಡತಿ ಬೇರೆ ಸಂದರ್ಭಗಳನ್ನು ಹುಡುಕಿಕೊಳ್ಳಬೇಕಾಯಿತು. ಒಟ್ಟಿನಲ್ಲಿ ಸಂಸ್ಥೆ ಚೆನ್ನಾಗಿ ನಡೆಯತೊಡಗಿತು. ಮೇಲಧಿಕಾರಿಯೊಬ್ಬನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ಸಂಜೆ ಐದೂವರೆ ದಾಟಿದ ಮೇಲೆ ಒಂದು ಲೋಟ ಚಹಾ ಕೇಳಿದರೆ, "ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಸರ್," ಎಂದು ಕೋಣೆಗೆ ಹೋಗುತ್ತಿದ್ದಳು.

ಹೀಗೆ ಐದು ತಿಂಗಳು ಕಳೆಯಿತು. ಆಗ ಪೀಠೋಪಕರಣ ತಯಾರಿಸುವ ಕಂಪನಿಯೊಂದು ಅವಳನ್ನು ಕರೆಯಿತು. ಕೆಲಸ ಸಾಗಣೆ ವಿಭಾಗದಲ್ಲಿ. ಯಾವ ಮಂಚ ಯಾವ ಲಾರಿಯಲ್ಲಿ ಯಾರ ಮನೆಗೆ ಹೋಗಬೇಕೆಂದು ನೋಡಿಕೊಳ್ಳುವುದು. ಎರಡು ಸುತ್ತಿನ ಸಂದರ್ಶನ ಮುಗಿದಿತ್ತು. ಹಿಂದಿನ ಮೇಲಧಿಕಾರಿಯನ್ನು ಒಂದು ಮಾತು ವಿಚಾರಿಸುವುದಷ್ಟೇ ಬಾಕಿ.

"ನೀವು ನನ್ನ ಅಪ್ಪ ಅಂತ ಅವರಿಗೆ ಹೇಳಿದ್ದೀನಿ," ಎಂದಳು ಮಗಳು. ಅವಳ ದನಿ ಎಂದಿನಂತಿರಲಿಲ್ಲ. "ಸುಳ್ಳು ಬೇಡ, ಹೊಗಳೋದೂ ಬೇಡ. ಇದ್ದದ್ದು ಇದ್ದಹಾಗೆ ಹೇಳಿ ಅಪ್ಪ, ಸಾಕು. ಇದು ತಪ್ಪಿದ್ರೆ ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ನನಗಿಲ್ಲ."

ಕರೆ ಬಂದಾಗ ಅವಳು ಮನೆಯಲ್ಲಿರಲಿಲ್ಲ. ಹೆಂಡತಿ ನನ್ನ ಪಕ್ಕದಲ್ಲೇ ಕೂತು ಸ್ಪೀಕರ್ ಒತ್ತಿದಳು. ನೇಮಕಾತಿ ಅಧಿಕಾರಿಣಿಯ ಮಾತು ಬಹಳ ಸೌಜನ್ಯದ್ದು. "ಅವರ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಸರ್?"

ಇಲ್ಲಿ ಓದುಗರು ನನ್ನ ವೃತ್ತಿಧರ್ಮವನ್ನು ಅರ್ಥಮಾಡಿಕೊಳ್ಳಬೇಕು. ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ನಾನು ಯಾರನ್ನೂ 'ಉತ್ತಮ' ಎಂದವನಲ್ಲ. ಕೈಕೆಳಗಿನವರನ್ನು ಪೂರ್ತಿ ಹೊಗಳಿದರೆ, ಇಷ್ಟು ದಿನ ಬಡ್ತಿ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಏಳುತ್ತದೆ.

"ಪರವಾಗಿಲ್ಲ," ಎಂದೆ. "ಆದ್ರೆ ಎದುರು ಪ್ರಶ್ನೆ ಕೇಳ್ತಾಳೆ. ಕಾರಣ ಗೊತ್ತಾಗದೆ ಯಾವ ಕೆಲಸಾನೂ ಮಾಡಲ್ಲ. ಐದೂವರೆ ಆಯ್ತು ಅಂದ್ರೆ ಕೈಯಲ್ಲಿರೋ ಸೌಟು ಅಲ್ಲೇ ಇಟ್ಟು ಹೋಗ್ತಾಳೆ. ಮೇಲಿನವರ ಬಗ್ಗೆ ಭಯ ಅನ್ನೋದು ಸ್ವಲ್ಪ ಕಮ್ಮಿ."

ಹೆಂಡತಿ ನನ್ನ ತೊಡೆ ಜಿಗುಟಿದ ಗುರುತು ಒಂದು ವಾರ ಇತ್ತು.

ಆ ಕಡೆ ಹಾಳೆ ತಿರುವಿದ ಸದ್ದು. ನಂತರ, "ನಿಮ್ಮಲ್ಲಿ ಅವರ ಜೊತೆ ಕೆಲಸ ಮಾಡಿದವರು ಬೇರೆ ಯಾರಾದ್ರೂ ಇದ್ದಾರಾ ಸರ್?"

"ಇದ್ದಾರೆ," ಎಂದು ಹೆಂಡತಿ ಫೋನ್ ಕಿತ್ತುಕೊಂಡಳು. "ಮೇಡಂ, ಎದುರು ಪ್ರಶ್ನೆ ಅಂದ್ರಲ್ಲ, ಏನು ಗೊತ್ತಾ? ಅಟ್ಟದ ಮೇಲೆ ಕೆಟ್ಟ ಮಿಕ್ಸಿ ಯಾಕೆ ಅಂತ ಕೇಳಿದ್ಲು. ಇಷ್ಟು ವರ್ಷದಲ್ಲಿ ನನಗೆ ಕೇಳೋಕಾಗಿರಲಿಲ್ಲ. ಐದೂವರೆಗೆ ಎದ್ದು ಹೋಗ್ತಾಳೆ, ನಿಜ. ಆದ್ರೆ ಬೆಳಿಗ್ಗೆ ಕೂತ್ರೆ ಇವರು ಹತ್ತು ಸಲ ಕರೆದ್ರೂ ಹಿಡಿದ ಕೆಲಸ ಬಿಡಲ್ಲ. ಇವರು ಕರೆಯೋದು ಬೇರೆ ಯಾಕೂ ಅಲ್ಲ, ತಮ್ಮ ಕನ್ನಡಕ ಹುಡುಕೋಕೆ."

"ಅವರ ಕೈಕೆಳಗೆ ನಿಮ್ಮ ಮಗಳು ಐದು ತಿಂಗಳು ಇದ್ರಾ?"

"ಪೂರ್ತಿ ಐದು."

"ಒಂದು ಸಲವಾದ್ರೂ ಸಿಟ್ಟು ಮಾಡ್ಕೊಂಡಿದ್ದು?"

"ಇಲ್ಲ. ಬಾಯ್ತುಂಬ ಸರ್ ಅಂತಾನೇ ಕರೀತಾಳೆ."

ಈ ಸಲ ಆ ಕಡೆಯಿಂದ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಅಧಿಕಾರಿಣಿ ದನಿ ತಗ್ಗಿಸಿದರು. "ನಮ್ಮ ಸಾಗಣೆ ವಿಭಾಗದ ಮುಖ್ಯಸ್ಥರೂ ಹೆಚ್ಚುಕಮ್ಮಿ ನಿಮ್ಮೆಜಮಾನರ ಥರಾನೇ. ಅಲ್ಲಿ ಯಾರೂ ನಿಲ್ತಿಲ್ಲ. ನಾವು ಹುಡುಕ್ತಿದ್ದ ಅನುಭವ ಇದೇ. ಸೋಮವಾರದಿಂದ ಬರೋಕೆ ಹೇಳಿ."

ಮನೆಗೆ ಬಂದ ಮಗಳು ಸುದ್ದಿ ಕೇಳಿ ಅಲ್ಲೇ ಚಪ್ಪಲಿ ಗೂಡಿನ ಪಕ್ಕ ಕೂತುಬಿಟ್ಟಳು. ಕೊನೆಗೂ ಅವಳಿಗೆ ಕೆಲಸ ಸಿಕ್ಕಿದ್ದು ನನ್ನಿಂದಲೇ ಎಂಬುದನ್ನು ನಾನು ಎಲ್ಲರ ಗಮನಕ್ಕೆ ತಂದೆ. ಹೆಂಡತಿ ಅಲ್ಲಗಳೆಯಲಿಲ್ಲ. "ಹೌದು, ನಿಮ್ಮನ್ನು ಅನುಭವಿಸಿದ್ದಕ್ಕೇ," ಎಂದಳು.

ಸೋಮವಾರ ಮಗಳು ಬಸ್ಸು ಹತ್ತಿದ ಮೇಲೆ ಹೆಂಡತಿ ಊಟದ ಮೇಜಿನ ಆ ಬದಿ ಕೂತು, ಈ ಬದಿಯ ಕುರ್ಚಿಯನ್ನು ನನಗೆ ತೋರಿಸಿದಳು.

"ಸಹಾಯಕಿ ಹುದ್ದೆ ತೆರವಾಗಿದೆ. ಹಾಗೇ ಬಿಡೋಕಾಗಲ್ಲ."

"ನಾನು ಮೇಲಧಿಕಾರಿ ಕಣೇ."

"ಕೈಕೆಳಗೆ ಯಾರಿದ್ದಾರೆ?"

ನಾನು ಸುತ್ತಲೂ ನೋಡಿದೆ. "ಹಳೇ ಸಿಬ್ಬಂದಿ."

"ಅವರಿಗೆ ಇವತ್ತು ಬೆಳಿಗ್ಗೆ ಬಡ್ತಿ ಆಯ್ತು," ಎಂದು ಅವಳು ಪಾತ್ರೆ ಉಜ್ಜುವ ನಾರನ್ನು ನನ್ನ ಮುಂದಿಟ್ಟಳು.

ಸಂಜೆ ಮಗಳು ಬಂದಾಗ ನಾನು ಕುಕ್ಕರಿನ ತಳದೊಂದಿಗೆ ಹೋರಾಡುತ್ತಿದ್ದೆ. ಮೊದಲ ದಿನ ಹೇಗಿತ್ತೆಂದು ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವಳೇ ಕೇಳಿದಳು.

"ಇಲ್ಲಿ ಪಾತ್ರೆ ಜೋಡಿಸೋ ಕ್ರಮವೇ ಸರಿಯಿಲ್ಲ," ಎಂದು ಪಿಸುಗುಟ್ಟಿದೆ. "ನಿಮ್ಮಮ್ಮನಿಗೆ ಒಂದೆರಡು ಸೂಚನೆ ಕೊಡೋಣ ಅಂತಿದ್ದೀನಿ."

"ಬೇಡ ಅಪ್ಪ. ಹೊಸದಾಗಿ ಸೇರಿದವರು ಸ್ವಲ್ಪ ದಿನ ಸುಮ್ನೆ ನೋಡಿ ಕಲೀಬೇಕು."

"ಹೀಗೆ ಎಷ್ಟು ದಿನ? ಬಿಟ್ಟುಬಿಡ್ಲಾ?"

ಅವಳು ಒರೆಸುವ ಬಟ್ಟೆಯನ್ನು ನನ್ನ ಹೆಗಲಿಗೆ ಹಾಕಿದಳು.

"ಬೇರೆ ಕಡೆ ಸಿಗೋವರೆಗೂ ಕೈಲಿರೋದನ್ನ ಬಿಡಬೇಡಿ," ಎಂದಳು. "ನಿಮ್ಮ ವಯಸ್ಸಿನವರಿಗೆ ಹೊರಗಡೆ ಅವಕಾಶ ಬಹಳ ಕಮ್ಮಿ."